ತೊರಾಜದ ಅಜ್ಜಿಗೆ ಕಾಸಿದ ಕಷಾಯ

ವಿನೋಬನಗರ ಬಿಟ್ಟದ್ದು

ಹೊರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ವಿಮಾನದ ಕಿಟಕಿಯಲ್ಲಿ ಕಂಡ ಮೋಡದಿಂದ ಶುರು ಮಾಡುತ್ತಾರೆ. ನನಗೆ ಸಿಕ್ಕಿದ್ದು ರೆಕ್ಕೆಯ ಪಕ್ಕದ ಸೀಟು. ಮೋಡ ಇರಲಿ, ಆಕಾಶವೂ ಸರಿಯಾಗಿ ಕಾಣಲಿಲ್ಲ. ಹಾಗಾಗಿ ನಾನು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಯಜಮಾನರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರು. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಮಕ್ಕಳಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕೂತರು, ಮತ್ತೆ ಏಳಲಿಲ್ಲ. ಬದುಕಿದ್ದಾಗ ಅವರನ್ನು ಬಾಯಿಬಡುಕ, ಇಸ್ಪೀಟಿನ ಹುಚ್ಚ ಎನ್ನುತ್ತಿದ್ದ ನೆಂಟರೆಲ್ಲ ಶಿವಗಣಾರಾಧನೆಯ ದಿನ ಹೋಳಿಗೆ ತಿನ್ನುತ್ತಾ "ದೇವರಂಥ ಮನುಷ್ಯ" ಎಂದರು. ನಾನೂ ಹೂಂ ಎಂದೆ. ಹತ್ತು ತಿಂಗಳು ಅದನ್ನೇ ಅಂದೆ.

ಅವರು ಹೋದ ದಿನದ ಒಂದು ಗುಟ್ಟು ನನ್ನಲ್ಲೇ ಉಳಿದಿತ್ತು. ನಮ್ಮ ಪದ್ಧತಿಯಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹೂವು ಹಾಕಿ, ಕುರ್ಚಿಯಲ್ಲಿ ಕೂರಿಸಿ, ಕೂತ ಹಾಗೆಯೇ ಮಣ್ಣಿಗೆ ಕೊಡುತ್ತೇವೆ. ಹಾಗೆ ಕೂರಿಸಿದ್ದಾಗ ಅವರನ್ನು ನೋಡಿ ನನಗೆ ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆಯಿಂದ ಎದ್ದು ಬಂದ ನಗು. ಸೆರಗನ್ನು ಬಾಯಿಗೆ ತುರುಕಿಕೊಂಡು ಬಗ್ಗಿ ಕೂತೆ. ನನ್ನ ಹೆಗಲು ಅಲುಗುವುದನ್ನು ಕಂಡ ಹೆಂಗಸರು "ಅಳ್ಲಿ ಬಿಡ್ರೇ, ಅತ್ರೆ ಹಗುರ ಆಗ್ತದೆ" ಎಂದು ಬೆನ್ನು ಸವರಿದರು. ಅದಾದ ಮೇಲೆ ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಗಂಡನ ಹೆಣದ ಮುಂದೆ ನಕ್ಕವಳು ನೀನು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇದನ್ನು ಹೇಳಬೇಕಾಗಿದ್ದುದು ಒಬ್ಬನಿಗೇ, ನನ್ನ ತಮ್ಮ ಬಸವರಾಜನಿಗೆ. ನಾವಿಬ್ಬರೂ ಆಯನೂರಿನಲ್ಲಿ ಬೆಳೆದವರು. ಬಸು ತನ್ನ ಭಾವನ ಹಿಂದೆ ಹಿಂದೆ ಸುತ್ತಿ ಭದ್ರಾವತಿಯಲ್ಲಿ ಕುಲುಮೆಯ ಕೆಲಸ ಕಲಿತ. ಆಮೇಲೆ ಇಂಡೋನೇಷ್ಯಾದ ಸುಲವೇಸಿ ಎಂಬ ದ್ವೀಪದ ನಿಕ್ಕಲ್ ಕಾರ್ಖಾನೆಗೆ ಹೋದ. ಸುದ್ದಿ ತಿಳಿದಾಗ ಫೋನಿನಲ್ಲಿ, "ನಾ ಬರೋ ತನಕ ಇಟ್ಕೊಳ್ಳಕ್ಕಾಗಲ್ವಾ ಅಕ್ಕ" ಎಂದಿದ್ದ. ಹಿರಿಯರು ಒಪ್ಪಲಿಲ್ಲ, ಹೊತ್ತು ಮುಳುಗುವ ಮುಂಚೆ ಮುಗಿಸಿದರು. ಮೂರು ವಿಮಾನ ಬದಲಿಸಿ ಅವನು ಬಂದದ್ದು ನಾಲ್ಕನೆಯ ದಿನ. ನೋಡಲು ಸಿಕ್ಕಿದ್ದು ಮಣ್ಣಿನ ದಿಬ್ಬ ಮಾತ್ರ.

ವಾಪಸ್ ಹೋದ ಮೇಲೆ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಊಟ, ಬಿಪಿ, ನೀರಿನ ನಲ್ಲಿ ಎಲ್ಲ ವಿಚಾರಿಸಿ ಕೊನೆಗೆ ಕೇಳುತ್ತಿದ್ದ: "ಭಾವ ಕೊನೇಲಿ ಹೆಂಗಿದ್ರು ಅಕ್ಕ?"

"ದೇವ್ರ ಹಾಗೆ ಕೂತಿದ್ರು ಕಣೋ."

"ಸರಿ ಅಕ್ಕ, ಇಡ್ತೀನಿ" ಎನ್ನುತ್ತಿದ್ದ. ಅವನಿಗೆ ಬೇಕಾಗಿದ್ದ ಉತ್ತರ ಇದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಡೆಗೆ ಅವನೇ ಟಿಕೆಟ್ ಕಳಿಸಿ, "ಒಂದು ತಿಂಗಳು ಇದ್ದು ಹೋಗು ಬಾ" ಎಂದ.

ನನ್ನ ನಾದಿನಿ ಕೇಳಿಸುವಂತೆಯೇ ಹೇಳಿದಳು, "ವರ್ಷ ತುಂಬಿಲ್ಲ, ಆಗ್ಲೇ ಫಾರಿನ್ ಟೂರಂತೆ."

"ಹೌದು ಮಾರಾಯ್ತಿ, ನೀನೂ ಬಾ, ಲಗೇಜು ಹೊರೋರಿಲ್ಲ" ಎಂದು ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಗಾಂಧಿ ಬಜಾರಿಗೆ ಹೋಗಿ ಒಂದು ಸ್ವೆಟರ್ ತಂದೆ. ಭೂಮಧ್ಯರೇಖೆಯ ದೇಶಕ್ಕೆ ಸ್ವೆಟರ್ ಕೊಂಡ ಹೆಡ್‌ಮಿಸ್ಟ್ರೆಸ್ ನಾನೊಬ್ಬಳೇ ಇರಬೇಕು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ್ದೆ ಬೇರೆ.

ಜಕಾರ್ತ: ಒಂದು ವಿಭೂತಿ ಗಟ್ಟಿ

ಜಕಾರ್ತದ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರು. ಚಟ್ನಿಪುಡಿ, ಅವಲಕ್ಕಿ, ಕಷಾಯದ ಪುಡಿ ಎಲ್ಲವನ್ನೂ ಅಧಿಕಾರಿ ಮೂಸಿ ನೋಡಿದ. ಚಟ್ನಿಪುಡಿ ಮೂಸಿ ಸೀನಿದ. ಆಮೇಲೆ ಕಾಗದದಲ್ಲಿ ಸುತ್ತಿದ್ದ ವಿಭೂತಿ ಗಟ್ಟಿ ಅವನ ಕೈಗೆ ಸಿಕ್ಕಿತು. ಬಿಳಿ ಪುಡಿ ಬೆರಳಿಗೆ ಅಂಟಿದ್ದೇ ಅವನ ಮುಖ ಗಂಭೀರವಾಯಿತು.

"ಆಶ್" ಎಂದೆ ನನ್ನ ಶಾಲೆಯ ಇಂಗ್ಲಿಷಿನಲ್ಲಿ, ಬೂದಿ ಎಂದು ತಿಳಿಸಲು. ಅವನು ಗಟ್ಟಿಯನ್ನು ಥಟ್ಟನೆ ಮೇಜಿನ ಮೇಲಿಟ್ಟ. ಯಾರ ಬೂದಿ ಎಂದು ಕೇಳಿದ. ನನ್ನ ಬೋಳು ಕೈ, ಖಾಲಿ ಹಣೆ ನೋಡಿದ್ದನೋ ಏನೋ, ದನಿ ಮೆತ್ತಗಾಗಿತ್ತು. "ಹಸುವಿನದು" ಎಂದೆ. ಸಗಣಿ ಎಂಬುದಕ್ಕೆ ಸಭ್ಯವಾದ ಇಂಗ್ಲಿಷ್ ಶಬ್ದ ಆ ಗಳಿಗೆಗೆ ಹೊಳೆಯಲಿಲ್ಲ. ಅವನು ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಹಸು ಸತ್ತದ್ದಕ್ಕೆ ವ್ಯಥೆಯಾಯಿತು" ಎಂದು ಇಂಗ್ಲಿಷಿನಲ್ಲೇ ಹೇಳಿ, ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ.

ನಮ್ಮ ಯಜಮಾನರಿದ್ದಿದ್ದರೆ ಇದನ್ನು ಭದ್ರಾವತಿಯ ಅರ್ಧ ಊರಿಗೆ ಹೇಳಿರುತ್ತಿದ್ದರು, ದಿನಕ್ಕೊಂದು ಹಸು ಹೆಚ್ಚಿಸಿ. ನನಗೂ ನಗು ಗಂಟಲಿನವರೆಗೆ ಬಂತು. ಉಗುಳಿನ ಹಾಗೆ ನುಂಗಿಕೊಂಡು ಮುಂದಿನ ವಿಮಾನಕ್ಕೆ ನಡೆದೆ.

ಸೊರೊವಾಕೊ: ಕ್ರೇನಿನ ಗೂಡು

ಬಸುವಿನ ಊರು ಸೊರೊವಾಕೊ. ದೊಡ್ಡ ಸರೋವರದ ದಡದಲ್ಲಿದೆ. ನೀರು ಎಷ್ಟು ತಿಳಿ ಎಂದರೆ ನಿಂತ ದೋಣಿಯ ನೆರಳು ತಳದ ಮರಳಿನ ಮೇಲೆ ಕಾಣುತ್ತದೆ. ಬಸುವಿನ ಹೆಂಡತಿ ಮಕ್ಕಳು ದಾವಣಗೆರೆಯಲ್ಲಿ ಇದ್ದುದರಿಂದ ಕ್ವಾರ್ಟರ್ಸಿನಲ್ಲಿ ಅವನೊಬ್ಬನೇ. ಅಡುಗೆಮನೆ ನೋಡಿ ಎರಡು ದಿನ ಬೈದೆ. ಮೂರನೆಯ ದಿನ ಅವನು ಅನುಮತಿ ತಂದು, ತಲೆಗೊಂದು ಹಳದಿ ಟೋಪಿ ಹಾಕಿಸಿ, ಕಾರ್ಖಾನೆ ತೋರಿಸಲು ಕರೆದೊಯ್ದ.

ಮೂವತ್ತು ವರ್ಷ ಭದ್ರಾವತಿಗೆ ಓಡಾಡಿದರೂ ಕಾರ್ಖಾನೆಯ ಗೇಟಿನ ಒಳಗೆ ನಾನು ಕಾಲಿಟ್ಟವಳಲ್ಲ. ನಮ್ಮ ಯಜಮಾನರ ಕೆಲಸ ಎಂದರೆ ನನಗೆ ಒಂದು ಊಟದ ಡಬ್ಬಿ, ಎಣ್ಣೆ ಜಿಡ್ಡಿನ ಅಂಗಿ, ಅಷ್ಟೆ. ಇಲ್ಲಿ ಎತ್ತರದ ಅಟ್ಟಣೆಯ ಮೇಲೆ ನಿಂತು ನೋಡಿದೆ. ಕುಲುಮೆಯ ಬಾಯಿ ತೆರೆದು ಕರಗಿದ ಲೋಹ ಕಾಲುವೆಗೆ ಇಳಿಯಿತು. ಅದಕ್ಕೆ ಕೆಂಪು ಎನ್ನಲಾರೆ. ಕೆಂಪು ದಾಟಿ, ಹಳದಿ ದಾಟಿ, ಬಿಳಿಯಾಗಿ, ನೋಡಬೇಡ ಎನ್ನುವ ಹಾಗಿತ್ತು. ಮುಖದ ಚರ್ಮ ಬಿಗಿಯಿತು. ಇಷ್ಟೆಲ್ಲ ಬೆಂಕಿಯನ್ನು ಒಂದು ಬಾನಿಯಲ್ಲಿ ತುಂಬಿ ಮೇಲಕ್ಕೆತ್ತಿ, ಮನುಷ್ಯರ ತಲೆಯ ಮೇಲಿಂದ ಅಲುಗದಂತೆ ಆ ಕಡೆಗೆ ಒಯ್ದರು.

"ಯಾರೋ ಒಯ್ತಿರೋದು?" ಎಂದು ಕೇಳಿದೆ.

ಬಸು ಮೇಲಕ್ಕೆ ಕೈ ತೋರಿಸಿದ. ಛಾವಣಿಯ ಹತ್ತಿರ, ಹಳಿಯ ಮೇಲೆ ಚಲಿಸುವ ಒಂದು ಗಾಜಿನ ಗೂಡು. ಅದರೊಳಗೆ ಒಬ್ಬ ಮನುಷ್ಯ. "ಭಾವ ಅಲ್ಲೇ ಕೂತಿರ್ತಿದ್ರು ಅಕ್ಕ. ಎಂಟು ಗಂಟೆ. ಕೆಳಗಿರೋ ಅಷ್ಟೂ ಜನರ ಜೀವ ಅವರ ಕೈಲಿ ಇರ್ತಿತ್ತು."

ಅವರು ಮನೆಗೆ ಬಂದು ಇಸ್ಪೀಟು ಕಲಸುತ್ತಾ, "ಇವತ್ತೇನಿಲ್ಲ, ಕೂತು ಬಂದೆ" ಎನ್ನುತ್ತಿದ್ದರು. ನಾನು ಅದನ್ನೇ ನಂಬಿ, ಕೂತು ಸಂಬಳ ತಗೊಳ್ಳೋರು ಎಂದು ಹಂಗಿಸುತ್ತಿದ್ದೆ. ಸಮುದ್ರ ದಾಟಿ ಬಂದು ಗಂಡನ ಕೆಲಸ ನೋಡಿದೆ. ಟೋಪಿ ತೆಗೆಯಬಾರದೆಂದು ಬಸು ಹೇಳಿದ್ದರೂ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವನು ಬೈಯಲಿಲ್ಲ.

ಪಲೊಪೊ ಘಟ್ಟ

ಬಸುವಿನ ಜೊತೆ ಕುಲುಮೆಯಲ್ಲಿ ದುಡಿಯುವ ಮಾರ್ತೆನ್ ಎಂಬಾತ ಬೆಟ್ಟದ ಮೇಲಿನ ತೊರಾಜ ಸೀಮೆಯವನು. ನಲವತ್ತು ವರ್ಷದ, ನಗುಮುಖದ ಗಟ್ಟಿಗ. ರಜೆಗೆ ಊರಿಗೆ ಹೊರಟವನು ನಮ್ಮನ್ನೂ ಕರೆದ. "ಅವನ ತಾಯಿಗೆ ಹುಷಾರಿಲ್ವಂತೆ, ಒಂದು ವರ್ಷದ ಮೇಲಾಯ್ತು. ನೋಡ್ಕೊಂಡು ಬಂದ ಹಾಗೂ ಆಗ್ತದೆ" ಎಂದ ಬಸು.

ಕಾಯಿಲೆಯವರ ಮನೆಗೆ ಬರಿಗೈಲಿ ಹೋಗುವವರು ನಾವಲ್ಲ. ಪಲೊಪೊ ಎಂಬ ಊರಿನಲ್ಲಿ ಗಾಡಿ ನಿಲ್ಲಿಸಿ ಕಿತ್ತಳೆ, ಬ್ರೆಡ್ಡು, ಬಿಸ್ಕತ್ತಿನ ಡಬ್ಬಿ ಕೊಂಡೆವು. ಶಿವಮೊಗ್ಗದಲ್ಲಿ ಆಸ್ಪತ್ರೆಯ ಎದುರು ಕೊಳ್ಳುವ ಸಾಮಾನೇ. ಮಾರ್ತೆನ್ ಅದನ್ನೆಲ್ಲ ನೋಡಿ ತುಂಬಾ ಸಂತೋಷಪಟ್ಟು, ಅಮ್ಮನಿಗೆ ಕಿತ್ತಳೆ ಎಂದರೆ ಪ್ರಾಣ ಎಂದ.

ಅಲ್ಲಿಂದ ಘಟ್ಟ. ನಮ್ಮ ಆಗುಂಬೆಯ ತಿರುವುಗಳನ್ನು ನಾಲ್ಕು ಸಲ ಮಡಿಸಿ ಒಂದರ ಮೇಲೊಂದು ಇಟ್ಟ ಹಾಗಿತ್ತು. ಚಾಲಕ ಪ್ರತಿ ತಿರುವಿನಲ್ಲಿ ಹಾರ್ನ್ ಬದಲು ಹಾಡು ಹೇಳುತ್ತಿದ್ದ. ಮೇಲೆ ಹತ್ತಿದಂತೆ ಚಳಿ ಶುರುವಾಯಿತು. ಸ್ವೆಟರ್ ತೆಗೆದು ಹಾಕಿಕೊಂಡು ಬಸುವಿನ ಕಡೆ ನೋಡಿದೆ. ನನ್ನ ಭೂಗೋಳಕ್ಕೆ ಮರ್ಯಾದೆ ಬಂತು.

ತೊರಾಜ, ಮೊದಲ ದಿನ

ಘಟ್ಟದ ಮೇಲೆ ಕಣಿವೆ ತೆರೆದುಕೊಂಡಿತು. ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಮುಗಿಲಿಗೆ ಹತ್ತಿದ್ದವು. ನಡುನಡುವೆ ಮನೆಗಳು. ಮಾಡಿನ ಎರಡು ತುದಿ ದೋಣಿಯ ಹಾಗೆ ಆಕಾಶಕ್ಕೆ ಎದ್ದು ನಿಂತಿದ್ದವು. ಗೋಡೆ ತುಂಬ ಕೆಂಪು ಕಪ್ಪು ಕೆತ್ತನೆ, ಮುಂದಿನ ಕಂಬದ ಮೇಲೆ ಬುಡದಿಂದ ತುದಿಯವರೆಗೆ ಕೋಣದ ಕೊಂಬುಗಳು. ಇಷ್ಟು ಚಂದದ ಮನೆಯನ್ನು ಗದ್ದೆ ಕೆಲಸದ ಜನ ಕಟ್ಟಿಕೊಂಡಿದ್ದಾರೆ ಎಂದು ನಾನು ಬಾಯಿ ಬಿಟ್ಟುಕೊಂಡೇ ಗಾಡಿ ಇಳಿದೆ.

ಮಾರ್ತೆನ್‌ನ ಹೆಂಡತಿ ಲೀಡಿಯಾ ಬಾಗಿಲಿಗೆ ಬಂದಳು. ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ಕ್ರೈಸ್ತರ ಮನೆ, ಗೋಡೆಯ ಮೇಲೆ ಶಿಲುಬೆ ಇತ್ತು. ನನಗೂ ಅವಳಿಗೂ ಭಾಷೆ ಇಲ್ಲ. ಅವರ ಮಾತನ್ನು ಬಸು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಅಮ್ಮ ಹೇಗಿದ್ದಾರೆ ಎಂದು ಕೇಳಿಸಿದೆ. "ಹಾಗೇ ಇದ್ದಾರೆ, ಒಳಗೆ ಮಲಗಿದ್ದಾರೆ" ಎಂದಳಂತೆ. ಊಟ ಮಾಡುತ್ತಾರಾ ಎಂದು ಕೇಳಿಸಿದೆ. "ಮೂರು ಹೊತ್ತೂ ಇಡ್ತೀನಿ, ಈಗೀಗ ಹೆಚ್ಚು ಮುಟ್ಟಲ್ಲ" ಎಂದಳಂತೆ.

ವರ್ಷಗಟ್ಟಲೆ ಮಲಗಿದವರು, ಊಟ ಸೇರದವರು. ಜಡ್ಡುಗಟ್ಟಿದ ನಾಲಿಗೆಗೆ ಏನು ಬೇಕು ಎಂದು ನನಗೆ ಗೊತ್ತಿಲ್ಲವೇ? ಚೀಲ ಬಿಚ್ಚಿದೆ. ಲೀಡಿಯಾ ಬೇಡ ಬೇಡ ಎನ್ನುತ್ತಿದ್ದರೂ ಅವಳ ಒಲೆಯ ಮುಂದೆ ಕೂತು ನೀರಿಗೆ ಕಷಾಯದ ಪುಡಿ, ಅವರ ತಾಳೆ ಬೆಲ್ಲ ಹಾಕಿ ಕುದಿಸಿದೆ. ಧನಿಯಾ ಜೀರಿಗೆಯ ವಾಸನೆ ಮನೆ ತುಂಬಿತು. ಲೋಟದಲ್ಲಿ ಬಗ್ಗಿಸಿಕೊಂಡು, "ಕುಡಿಸೋದು ನಾನೇ ಕುಡಿಸ್ತೀನಿ, ಇವಕ್ಕೆಲ್ಲ ಜುಲುಮೆ ಮಾಡ್ಬೇಕು" ಎಂದು ಒಳಗೆ ನಡೆದೆ. ಹೆಡ್‌ಮಿಸ್ಟ್ರೆಸ್ ಬುದ್ಧಿ ನಿವೃತ್ತಿಯಾದರೂ ಹೋಗುವುದಿಲ್ಲ.

ಕೋಣೆಯಲ್ಲಿ ಒಂದೇ ಕಿಟಕಿ, ಮಬ್ಬು ಬೆಳಕು. ಗಾಟು ಔಷಧಿಯ ವಾಸನೆ. ಹಾಸಿಗೆಯ ಮೇಲೆ ಕುತ್ತಿಗೆಯವರೆಗೆ ರಗ್ಗು ಹೊದ್ದು ಅಜ್ಜಿ ಮಲಗಿದ್ದರು. ತಲೆಗೆ ನೀಟಾಗಿ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಅನ್ನದ ತಟ್ಟೆ, ಕಾಫಿ, ಒಂದು ಪುಟ್ಟ ಬುಟ್ಟಿಯಲ್ಲಿ ಎಲೆ ಅಡಿಕೆ. ಎಲೆ ಅಡಿಕೆ ನೋಡಿ ನಮ್ಮ ಅಜ್ಜಿಯೇ ಎನ್ನಿಸಿತು. "ಅಮ್ಮಾ, ಸ್ವಲ್ಪ ಬಿಸಿ ಕಷಾಯ" ಎನ್ನುತ್ತಾ ಜ್ವರ ಇದೆಯಾ ಎಂದು ಹಣೆಯ ಮೇಲೆ ಅಂಗೈ ಇಟ್ಟೆ.

ಹಣೆ ಒಣಗಿದ ತೊಗಲಿನ ಹಾಗಿತ್ತು. ಅದರ ಅಡಿಯಲ್ಲಿ ಮರದಂಥ ಗಟ್ಟಿ.

ಥಟ್ಟನೆ ಅಂಗೈ ಹಿಂದಕ್ಕೆಳೆದುಕೊಂಡೆ. ಲೋಟ ಮಾತ್ರ ಹೇಗೋ ಕೈಯಲ್ಲೇ ಉಳಿಯಿತು. ಹಿಂದಿನಿಂದ ಬಂದ ಲೀಡಿಯಾ ಏನೂ ಆಗದವಳಂತೆ ಲೋಟ ತೆಗೆದುಕೊಂಡು ಅನ್ನದ ತಟ್ಟೆಯ ಪಕ್ಕದಲ್ಲಿಟ್ಟಳು. ಅಜ್ಜಿಯ ಕಡೆ ಬಾಗಿ ಅವರ ಭಾಷೆಯಲ್ಲಿ ಏನೋ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಬಸುವಿನ ಮುಖವೂ ಬಿಳಿಚಿತ್ತು. ಅವನಿಗೂ ಇದು ಗೊತ್ತಿರಲಿಲ್ಲ. ತಡವರಿಸುತ್ತಾ ತಿರುಗಿಸಿ ಹೇಳಿದ: "ಇಂಡಿಯಾದಿಂದ ಬಂದೋರು ನಿಂಗೆ ಅಂತ ಔಷಧಿ ಮಾಡಿದಾರೆ, ಆರೋದ್ರೊಳಗೆ ಕುಡಿ ಅಂತಿದಾಳೆ ಅಕ್ಕ."

ಅಜ್ಜಿಯ ಉಸಿರು ನಿಂತು ಹದಿನಾಲ್ಕು ತಿಂಗಳಾಗಿತ್ತು.

ಜಗಲಿಗೆ ಬಂದು ಕೂತ ಮೇಲೆ ಮಾರ್ತೆನ್ ವಿವರಿಸಿದ. ಅವರಲ್ಲಿ ಉಸಿರು ನಿಂತವರು ಸತ್ತವರಲ್ಲ, ಕಾಯಿಲೆಯವರು. ಮದ್ದು ಹಾಕಿ, ಬಟ್ಟೆ ಸುತ್ತಿ, ಮನೆಯಲ್ಲೇ ಮಲಗಿಸುತ್ತಾರೆ. ಮೂರು ಹೊತ್ತು ಊಟ ಕೊಡುತ್ತಾರೆ, ಮಾತಾಡಿಸುತ್ತಾರೆ. ಹತ್ತಿರದವರೆಲ್ಲ ಬಂದು ಸೇರಿ, ಕೋಣ ಬಲಿ ಕೊಟ್ಟು, ದೊಡ್ಡ ಸಂಸ್ಕಾರ ಮಾಡಿದ ದಿನವೇ ಅವರು ಸತ್ತವರಾಗಿ ಆತ್ಮಗಳ ಊರಿಗೆ ಹೊರಡುವುದು. ಅದಕ್ಕೆ ವರ್ಷವಾಗಬಹುದು, ಐದು ವರ್ಷವೂ ಆಗಬಹುದು.

ನಾನು ಬಚ್ಚಲಿಗೆ ಹೋಗಿ ಅಂಗೈಯನ್ನು ಮೂರು ಸಲ ತೊಳೆದೆ. ನಾಲ್ಕನೆಯ ಸಲ ತೊಳೆಯುವಾಗ ನಾಚಿಕೆಯಾಯಿತು. ಇವರು ಆ ಹಣೆಯನ್ನು ದಿನವೂ ಮುಟ್ಟುತ್ತಾರೆ.

ತೊರಾಜ, ಎರಡನೆಯ ದಿನ

ಬೆಳಿಗ್ಗೆ ಅಜ್ಜಿಯ ಕೋಣೆಯಿಂದ ಜಗಳದ ಸದ್ದು ಕೇಳಿ ಎದ್ದೆ. ಇಣುಕಿದರೆ ಲೀಡಿಯಾ ಒಬ್ಬಳೇ. ಕಾಫಿ ಇಟ್ಟು, ರಗ್ಗು ಕೊಡವುತ್ತಾ, ಸೊಂಟದ ಮೇಲೆ ಕೈಯಿಟ್ಟು ಅತ್ತೆಯನ್ನು ಬೈಯುತ್ತಿದ್ದಳು. ಏನಂತೆ ಎಂದು ಬಸುವನ್ನು ಕೇಳಿದೆ. ಕಣಜದ ಬೀಗದ ಕೈಯನ್ನು ಅಜ್ಜಿ ಎಲ್ಲೋ ಬಚ್ಚಿಟ್ಟು ಕಾಯಿಲೆ ಬಿದ್ದರಂತೆ. ಬೀಗ ಒಡೆಯಲು ಮಾರ್ತೆನ್ ಒಪ್ಪುವುದಿಲ್ಲ. ಹದಿನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಬೈಗುಳ.

"ಸೊಸೆ ಮೇಲೆ ನಂಬಿಕೆ ಇಲ್ದೋಳು, ಬದುಕಿಡೀ ಹಿಂಗೇ ಮಾಡಿದೆ ಅಂತಿದಾಳೆ" ಎಂದ ಬಸು. ಬೈದು ಮುಗಿಸಿ ಲೀಡಿಯಾ ಅಜ್ಜಿಯ ತಲೆಯ ಬಟ್ಟೆ ಸರಿಮಾಡಿ, ಕೆನ್ನೆ ಸವರಿ ಹೊರಬಂದಳು. ನನ್ನನ್ನು ನೋಡಿ, ನಿಮ್ಮ ಅತ್ತೆಯೂ ಹೀಗೇನಾ ಎನ್ನುವಂತೆ ಕಣ್ಣು ಮಿಟುಕಿಸಿದಳು.

ನಾನು ಅಲ್ಲೇ ಕಂಬ ಹಿಡಿದು ನಿಂತೆ. ಹೋದವರನ್ನು ಬೈಯಬಹುದು. ಅವರು ಎಂಥವರಾಗಿದ್ದರೋ ಅಂಥವರಾಗಿಯೇ ಮನೆಯಲ್ಲಿ ಇರಲು ಬಿಡಬಹುದು. ನಮ್ಮ ಮನೆಯಲ್ಲಿ ಯಜಮಾನರ ಫೋಟೋಗೆ ಹಾರ ಹಾಕಿದ ದಿನದಿಂದ ಅವರ ಬಗ್ಗೆ ಯಾರೂ ಒಂದು ನಿಜ ಆಡಿಲ್ಲ, ನಾನೂ ಸೇರಿ. ಕಾರ್ಖಾನೆಯ ಬೆಂಕಿಗಿಂತ, ಮುಗಿಲಿಗೆ ಹತ್ತಿದ ಗದ್ದೆಗಿಂತ ನನ್ನನ್ನು ಬೆರಗುಗೊಳಿಸಿದ್ದು ಲೀಡಿಯಾಳ ಆ ಬೈಗುಳ.

ಮಧ್ಯಾಹ್ನ ಮಾರ್ತೆನ್ ನಮ್ಮನ್ನು ಒಂದು ಬಂಡೆಯ ಹತ್ತಿರ ಕರೆದೊಯ್ದ. ನೆಟ್ಟಗೆ ನಿಂತ ಬಂಡೆಯ ಮೈಯಲ್ಲಿ ಎತ್ತರದಲ್ಲಿ ಗೂಡು ಕೊರೆದು ಹೆಣ ಇಟ್ಟಿದ್ದಾರೆ. ಅದರ ಮುಂದೆ ಮೊಗಸಾಲೆಯಂತೆ ಕೊರೆದ ಜಾಗದಲ್ಲಿ, ಹೋದವರ ಮರದ ಬೊಂಬೆಗಳು ಬಟ್ಟೆ ತೊಟ್ಟು ಸಾಲಾಗಿ ನಿಂತಿವೆ. ಬಿಳಿ ಕಣ್ಣು ಬಿಟ್ಟು, ಕೈ ಮುಂದೆ ಚಾಚಿ, ಊರನ್ನು ನೋಡುತ್ತಿವೆ.

ವಾಪಸ್ ಬರುವಾಗ ಬಸು ಮಾರ್ತೆನ್‌ನನ್ನು ಏನೋ ಕೇಳಿದ. ಉತ್ತರ ಕೇಳಿ ಅವನ ನಡಿಗೆ ನಿಧಾನವಾಯಿತು. ಏನಂತೆ ಎಂದೆ.

"ಇನ್ನೂ ಯಾಕೆ ಸಂಸ್ಕಾರ ಮಾಡಿಲ್ಲ ಅಂತ ಕೇಳ್ದೆ. ದೊಡ್ಡಣ್ಣ ಹಡಗಿನಲ್ಲಿ ಕೆಲಸ ಮಾಡ್ತಾನಂತೆ. ಆಗಸ್ಟಿಗೆ ರಜೆ ಸಿಗೋದಂತೆ." ಬಸು ಒಂದು ಕಲ್ಲನ್ನು ಕಾಲಿನಿಂದ ತಳ್ಳಿದ. "ಅವನು ಬರೋ ತನಕ ಅಮ್ಮ ಸಾಯೋ ಹಂಗಿಲ್ವಂತೆ ಅಕ್ಕ. ದೂರ ಇರೋನಿಗೋಸ್ಕರ ಇಡೀ ಊರು ಕಾಯ್ತದಂತೆ."

ಅವನು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ನಾಲ್ಕು ದಿನ ಕಾಯಲಾಗದ ನಾವು ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು.

ತೊರಾಜ, ಹೊರಡುವ ಬೆಳಿಗ್ಗೆ

ಮೂರನೆಯ ಬೆಳಿಗ್ಗೆ ಗಾಡಿ ಬಂದಿತ್ತು. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ "ಹೋಗಿ ಬರ್ತೀನಿ" ಎಂದು ಹೇಳಬಾರದು, ಹಾಗೇ ಎದ್ದು ಹೋಗಬೇಕು. ನಾನು ಅದೇ ಅಭ್ಯಾಸದಲ್ಲಿ ಚೀಲ ಎತ್ತಿಕೊಂಡು ಸದ್ದಿಲ್ಲದೆ ಮೆಟ್ಟಿಲು ಇಳಿದುಬಿಟ್ಟೆ. ಲೀಡಿಯಾ ಓಡಿಬಂದು ಕೈ ಹಿಡಿದಳು. ಮುಖ ಸಣ್ಣದಾಗಿತ್ತು. ಕಾಯಿಲೆಯವರಿಗೆ ಹೇಳದೆ ಹೊರಡುವುದುಂಟೇ, ಅಮ್ಮ ಏನೆಂದುಕೊಳ್ಳುತ್ತಾಳೆ ಎಂದಳಂತೆ. ನಾಚಿಕೆಯಿಂದ ವಾಪಸ್ ಒಳಗೆ ಹೋಗಿ ಅಜ್ಜಿಯ ಪಕ್ಕದ ಚಾಪೆಯ ಮೇಲೆ ಕೂತೆ. ಬಸುವೂ ಬಂದು ಕೂತ.

ಲೀಡಿಯಾ ಹೇಳುತ್ತಾ ಹೋದಳು, ಬಸು ತಿರುಗಿಸುತ್ತಾ ಹೋದ. "ಅಮ್ಮ ಆಗಸ್ಟಿನಲ್ಲಿ ಆತ್ಮಗಳ ಊರಿಗೆ ಹೊರಡ್ತಾಳೆ. ನಿಮ್ಮ ಯಜಮಾನರು ಆಗ್ಲೇ ಅಲ್ಲಿ ಸೇರಿದಾರಲ್ಲ. ಏನಾದ್ರೂ ಹೇಳಿ ಕಳಿಸೋದಿದ್ರೆ ಹೇಳಿ."

ನಮ್ಮೂರಲ್ಲಿ ಬೆಂಗಳೂರಿಗೆ ಹೊರಟವರ ಕೈಲಿ ಮಾತು ಕಳಿಸುವ ಹಾಗೆಯೇ ಅಂದಳು. ಬಾಯಿಗೆ ರೂಢಿಯಾಗಿದ್ದೇ ಬಂತು: "ಅವರು ದೇವರಂಥ ಮನುಷ್ಯ. ಹೇಳಿ ಕಳಿಸೋದೇನಿಲ್ಲ."

ಲೀಡಿಯಾ ತಲೆ ಕೆರೆದುಕೊಂಡಳು. "ಹಂಗಂದ್ರೆ ಅಮ್ಮ ಅವ್ರನ್ನ ಗುರುತು ಹಿಡಿಯೋದು ಹೆಂಗೆ ಅಂತ ಕೇಳ್ತಿದಾಳೆ ಅಕ್ಕ. ಅಲ್ಲಿ ದೇವರಂಥವರು ಬೇಕಾದಷ್ಟು ಜನ ಇರ್ತಾರಂತೆ."

ನಾನು ಲೀಡಿಯಾಳನ್ನು ಬಿಟ್ಟು, ಅಜ್ಜಿಯನ್ನೂ ಬಿಟ್ಟು, ತಮ್ಮನ ಕಡೆ ತಿರುಗಿದೆ.

"ಬಸು, ನಿಂಗೆ ನಾನು ಸುಳ್ಳು ಹೇಳಿದೀನಿ ಕಣೋ. ನಿಮ್ಮ ಭಾವ ದೇವರ ಹಾಗೆ ಕೂತಿರ್ಲಿಲ್ಲ."

ಅವನು ಚಾಪೆಯ ಮೇಲೆ ನನ್ನ ಕಡೆ ಜರುಗಿ ಕೂತ.

"ಆ ಕ್ರೇನಿನ ಗೂಡಲ್ಲಿ ಎಡಗಡೆ ಕಿಟಕಿಯಿಂದ ಕೆಳಗೆ ನೋಡಿ ನೋಡಿ ಅವ್ರ ಮೈಯೇ ಎಡಕ್ಕೆ ವಾಲಿತ್ತಲ್ಲ. ಯಾವ ಕುರ್ಚೀಲಿ ಕೂತ್ರೂ ಎಡಕ್ಕೆ ಜಾರೋರು. ಬಸ್ಸಲ್ಲಿ ನಾನು ಯಾವಾಗ್ಲೂ ಅವ್ರ ಎಡಕ್ಕೇ ಕೂರ್ತಿದ್ದೆ, ಬೀಳದಿರ್ಲಿ ಅಂತ. ಅವತ್ತು ಕೂರಿಸಿದ್ರೆ ಮತ್ತೆ ಎಡಕ್ಕೇ ವಾಲಿದ್ರು. ನೆಟ್ಟಗೆ ಮಾಡಿದ್ರು, ಮತ್ತೆ ವಾಲಿದ್ರು. ಕೊನೆಗೆ ಒಂದು ಶಲ್ಯದಲ್ಲಿ ಎದೆ, ಇನ್ನೊಂದ್ರಲ್ಲಿ ಹಣೆ ಕಟ್ಟಿ ಬಿಗಿದ್ರು. ಮದುವೆಯಾದಾಗಿಂದ ಅವರು ಅಷ್ಟು ನೆಟ್ಟಗೆ ಕೂತಿದ್ದು ನಾನು ನೋಡಿರ್ಲಿಲ್ಲ. ಕೊರಳ ತುಂಬ ಹಾರ, ಮೈ ತುಂಬ ವಿಭೂತಿ, ಗದ್ದ ಮೇಲೆ. ಸ್ಕೂಲ್ ಡೇ ದಿನ ಮುಖ್ಯ ಅತಿಥಿ ಕೂತಿರ್ತಾರಲ್ಲ, ಹಂಗೆ. ಅವ್ರಿಗೆ ಮುಖ್ಯ ಅತಿಥಿಗಳನ್ನ ಕಂಡ್ರೆ ಆಗ್ತಿರ್ಲಿಲ್ಲ. ಈಗ ಎದ್ದು ಎರಡು ಮಾತು ಆಡ್ತಾರೆ ಅನ್ನಿಸ್ತು. ನಾನು ನಕ್ಕೆ ಕಣೋ. ಅವ್ರ ಮುಂದೆ, ಎಲ್ಲರ ಮುಂದೆ, ಸೆರಗು ಕಚ್ಕೊಂಡು ನಕ್ಕೆ."

ಬಸುವಿನ ತುಟಿ ಅಲುಗಿತು. ಅವನು ಅಳುತ್ತಾನೆ, ನನ್ನ ಮೇಲೆ ಸಿಟ್ಟಾಗುತ್ತಾನೆ ಎಂದುಕೊಂಡೆ. ಮೂಗಿನಿಂದ ಒಂದು ಸದ್ದು ಬಂತು. "ಮುಖ್ಯ ಅತಿಥಿ" ಎಂದ. ಆಮೇಲೆ ಅವನು ತೊಡೆಗೆ ಹೊಡೆದುಕೊಂಡು ನಕ್ಕ ನಗುವಿಗೆ ಕೋಣೆಯ ಹಲಗೆಗಳು ಅದುರಿದವು. ನನಗೂ ತಡೆಯಲಾಗಲಿಲ್ಲ. ಹತ್ತು ತಿಂಗಳಿಂದ ನುಂಗಿದ್ದೆಲ್ಲ ಒಂದೇ ಸಲ ಬಂತು. ನಗುತ್ತಾ ನಗುತ್ತಾ ಯಾವಾಗ ಅಳು ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವನು ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡ, ಆಯನೂರಿನಲ್ಲಿ ಚಿಕ್ಕವನಿದ್ದಾಗ ಒರೆಸಿಕೊಳ್ಳುತ್ತಿದ್ದ ಹಾಗೆ. "ಇದು ಭಾವ. ಇವ್ರೇ ನಮ್ಮ ಭಾವ. ಈಗ ನೋಡ್ದಂಗಾಯ್ತು ಅಕ್ಕ" ಎಂದ.

ಲೀಡಿಯಾ ಏನಾಯಿತೆಂದು ಪೀಡಿಸಿದಳು. ಬಸು ಕಣ್ಣೊರೆಸಿಕೊಂಡು ಎಲ್ಲ ಹೇಳಿದ. ಬಾಗಿಲಲ್ಲಿ ನಿಂತಿದ್ದ ಮಾರ್ತೆನ್ ನಕ್ಕ, ಲೀಡಿಯಾ ನಕ್ಕಳು. ಸಾವಿನ ವಿಷಯಕ್ಕೆ ಹೀಗೆ ನಗುವುದೇ ಎಂಬ ಒಂದು ನೋಟವೂ ಆ ಮನೆಯಲ್ಲಿರಲಿಲ್ಲ. ಲೀಡಿಯಾ ತಕ್ಷಣ ಅಜ್ಜಿಯ ಕಿವಿಯ ಹತ್ತಿರ ಬಾಗಿ, ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಏನೋ ಒಪ್ಪಿಸತೊಡಗಿದಳು.

"ಏನಂತಿದಾಳೋ?"

"ಗುರುತು ಹೇಳ್ತಿದಾಳೆ. ಮೈ ತುಂಬ ಬೂದಿ ಬಳ್ಕೊಂಡು, ಹಾರ ಹಾಕ್ಕೊಂಡು, ನೆಟ್ಟಗೆ ಕೂತಿರೋ ಇಂಡಿಯಾದ ಗಂಡಸು ಸಿಕ್ರೆ ಅವರೇ ಅಂತೆ."

"ಅಯ್ಯೋ, ತಪ್ಪು ಕಣೋ, ಅವಳನ್ನ ನಿಲ್ಲಿಸು" ಎಂದು ನಾನು ಚಾಪೆಯಿಂದ ಮೊಣಕಾಲೂರಿ ಎದ್ದೆ. "ನೆಟ್ಟಗೆ ಕೂತವರ ಹತ್ರ ಹೋಗ್ಬೇಡಿ ಅಂತ ಹೇಳು. ಅಲ್ಲಿ ಅವರನ್ನ ಕಟ್ಟಿ ಕೂರಿಸೋರು ಯಾರೂ ಇಲ್ಲ. ಎಡಕ್ಕೆ ವಾಲ್ಕೊಂಡು ಒಬ್ಬರು ಕೂತಿರ್ತಾರೆ, ಎಡಗಡೆ ಒಬ್ಬರಿಗೆ ಜಾಗ ಬಿಟ್ಕೊಂಡು. ಅವರು ನಮ್ಮನೆಯವರು."